ಆ ಚಾರ್ಜರ್‌ಗೆ ಬಣ್ಣ ಹೊಡೆಸಬೇಡಿ

ಮಿಶಿಗನ್‌ನ ವಾರೆನ್‌ನಲ್ಲಿ ಕೊಂಡ ಮನೆಯ ಗ್ಯಾರೇಜಿನಲ್ಲಿ 1969ರ ಡಾಡ್ಜ್ ಚಾರ್ಜರ್ ಆರ್/ಟಿ ಕಾರು ಇದೆ, ಮನೆ ಮಾರಿದ ಅಜ್ಜಿ ಅದನ್ನೂ ನಿಮಗೇ ಬಿಟ್ಟುಹೋಗಿದ್ದಾರೆ ಅಂತ ಬರೆದಿದ್ದೀರಿ. ಮಾರುವ ಮೊದಲು ಬಣ್ಣ ಹೊಡೆಸಿ, ಹೊಸ ಸೀಟು ಹಾಕಿಸಬೇಕಾ ಅನ್ನೋದು ನಿಮ್ಮ ಪ್ರಶ್ನೆ.

ದಯವಿಟ್ಟು ಬೇಡ. ಜಾತ್ರೆಗೆ ಎತ್ತು ಹೊಡೆದುಕೊಂಡು ಹೋಗುವ ಮುಂಚೆ ಮೈ ತೊಳೆದು, ಕೊಂಬು ಹೆರೆದು, ಬಣ್ಣ ಬಳಿದ ಊರಿನವರು ನಾವು. ಮಾರುವ ವಸ್ತು ಚೆನ್ನಾಗಿ ಕಾಣಬೇಕು ಅಂತ ಅನ್ನಿಸುವುದು ಸಹಜವೇ. ಆದರೆ ಇಂಥ ಕಾರು ಕೊಳ್ಳಲು ಬರುವವರು ಮೊದಲು ಹುಡುಕುವುದು ಕಾರ್ಖಾನೆಯ ಬಣ್ಣ, ಕಾರ್ಖಾನೆಯ ಸೀಟು. ಮಾಸಿದ್ದರೂ ಅದೇ ಬೇಕು ಅವರಿಗೆ.

ನಾನು ಮಿಶಿಗನ್‌ಗೆ ಬಂದ ಹೊಸದರಲ್ಲಿ ಪಕ್ಕದ ಮನೆಯಲ್ಲಿ ಒಬ್ಬ ಹಿರಿಯರಿದ್ದರು. ಹ್ಯಾಮ್‌ಟ್ರಾಮಿಕ್‌ನ ಡಾಡ್ಜ್ ಮೇನ್ ಕಾರ್ಖಾನೆಯಲ್ಲಿ ದುಡಿದವರು. ಹಿಮ ಎತ್ತುವಾಗ ಸೊಂಟ ಉಳಿಸಿಕೊಳ್ಳುವುದು ಹೇಗೆ ಅಂತ ನನಗೆ ಕಲಿಸಿದ್ದು ಅವರೇ. ಅವರ ಹತ್ತಿರವೂ 69ರ ಚಾರ್ಜರ್ ಇತ್ತು. ಹಾಸನದ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ನಮ್ಮಪ್ಪ ಒಂದು ಬೇಸಿಗೆ ಇಲ್ಲಿಗೆ ಬಂದಿದ್ದರು. ಇಬ್ಬರಿಗೂ ಒಬ್ಬರ ಮಾತು ಇನ್ನೊಬ್ಬರಿಗೆ ಬಾರದು. ಆದರೂ ಬಾನೆಟ್ ಎತ್ತಿಕೊಂಡು ಗಂಟೆಗಟ್ಟಲೆ ನಿಲ್ಲುತ್ತಿದ್ದರು. ಒಳಗೆ ಅಲ್ಲಲ್ಲಿ ಬಣ್ಣದ ಸಣ್ಣ ಗುರುತುಗಳಿದ್ದವು. ಜೋಡಣೆಯ ಲೈನಿನಲ್ಲಿ ಪರೀಕ್ಷೆ ಮಾಡಿದವರು ಹಾಕಿದ್ದು. ಅವನ್ನು ಬೆರಳಿಟ್ಟು ತೋರಿಸುವಾಗ ಆ ಹಿರಿಯರ ಮುಖ ನೋಡಬೇಕಿತ್ತು.

ಅವರು ತೀರಿಕೊಂಡ ಮೇಲೆ ಮಗ ಕಾರನ್ನು ಬಣ್ಣಕ್ಕೆ ಕೊಟ್ಟ. ತಗಡು ಕಾಣುವವರೆಗೆ ಉಜ್ಜಿಸಿದ. ಹಿಂದಿನ ಸೀಟು ಎಸೆದ. ಆ ಸೀಟಿನ ಸ್ಪ್ರಿಂಗುಗಳ ಸಂದಿಯಲ್ಲೇ ಎಷ್ಟೋ ಕಾರುಗಳಲ್ಲಿ ಬ್ರಾಡ್‌ಕಾಸ್ಟ್ ಶೀಟ್ ಸಿಗುತ್ತದೆ, ಆ ಕಾರಿಗೆ ಏನೇನು ಜೋಡಿಸಬೇಕು ಅಂತ ಕಾರ್ಖಾನೆ ಅಚ್ಚು ಹಾಕಿದ ಹಾಳೆ. ಕೊಳ್ಳಲು ಬಂದವರು ಮೊದಲು ಕೇಳಿದ್ದೇ ಅದನ್ನು. ಬೆಲೆ ಬಿತ್ತು, ಅದು ಹೋಗಲಿ. ಡಾಡ್ಜ್ ಮೇನ್ 1980ರಲ್ಲಿ ಮುಚ್ಚಿತು, ಆಮೇಲೆ ಕೆಡವಿದರು. ಅಲ್ಲಿ ದುಡಿದವರ ಕೈಗುರುತು ಉಳಿದಿರುವುದು ಇಂಥ ಕಾರುಗಳ ಮೇಲೆ ಮಾತ್ರ ಅಲ್ವಾ? ನನಗೆ ಈಗಲೂ ಸಂಕಟವಾಗುವುದು ಅದಕ್ಕೆ.

ವಿಂಡ್‌ಶೀಲ್ಡ್ ಒಳಗೆ, ಡ್ಯಾಶ್ ಮೇಲೆ 13 ಅಕ್ಷರ-ಅಂಕಿಗಳ ವಿನ್ ನಂಬರ್, ಅಂದರೆ ಕಾರಿನ ಗುರುತಿನ ಸಂಖ್ಯೆ ಇದೆ. ಐದನೆಯದು ಎಲ್ ಆದರೆ 440 ಮ್ಯಾಗ್ನಮ್ ಎಂಜಿನ್, ಜೆ ಆದರೆ 426 ಹೆಮಿ. ಹೆಮಿ ಆಗಿದ್ದರೆ ಬೆಲೆಯ ಮಾತೇ ಬೇರೆ, ಯಾರಿಗೂ ಅವಸರದಲ್ಲಿ ಹೂಂ ಅನ್ನಬೇಡಿ. ವಿನ್‌ನ ಕೊನೆಯ ಅಂಕಿಗಳು ಎಂಜಿನ್ ಬ್ಲಾಕ್ ಮೇಲೂ ಇರಬೇಕು. ಎರಡೂ ಹೊಂದಿದರೆ ಫೋಟೋ ತೆಗೆದಿಡಿ. ಬಾನೆಟ್ ಕೆಳಗೆ ಡ್ರೈವರ್ ಕಡೆಯ ಫೆಂಡರ್‌ನಲ್ಲಿ ಕಾರ್ಖಾನೆಯ ಸಂಕೇತಗಳಿರುವ ಸಣ್ಣ ತಗಡಿನ ಪಟ್ಟಿ ಇದ್ದರೆ ಅದನ್ನು ಬಿಚ್ಚಬೇಡಿ, ಉಜ್ಜಲೂಬೇಡಿ.

ಬೆಲೆ ಎಷ್ಟು ಅಂತ ಕಾರು ನೋಡದೆ ಹೇಳಲಾರೆ. ಮೀಕಮ್, ಬ್ರಿಂಗ್ ಎ ಟ್ರೇಲರ್‌ನಂಥ ಹರಾಜುಗಳಲ್ಲಿ ನಿಜವಾಗಿ ಮಾರಾಟವಾದ ಬೆಲೆ ನೋಡಿ. ಜಾಹೀರಾತಿನಲ್ಲಿ ಕೇಳುವ ಬೆಲೆ ಲೆಕ್ಕಕ್ಕಿಲ್ಲ. ಲಾಭಕ್ಕೆ ತೆರಿಗೆ ಇದೆ, ತೆರಿಗೆ ಲೆಕ್ಕ ನೋಡುವ ಸಿಪಿಎ ಹತ್ತಿರ ಮೊದಲೇ ಮಾತಾಡಿ.

ಟೈಟಲ್, ಅಂದರೆ ಕಾರಿನ ಒಡೆತನದ ಪತ್ರ, ಮೊದಲು ನಿಮ್ಮ ಹೆಸರಿಗೆ ಆಗಲಿ. ನಮ್ಮ ಆರ್‌ಟಿಒ ಕೆಲಸ ಇಲ್ಲಿ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯಲ್ಲಿ ನಡೆಯುತ್ತದೆ. ಮಾರುವ ದಿನ ಕೊಳ್ಳುವವರ ಜೊತೆ ನೀವೂ ಅಲ್ಲಿಗೆ ಹೋಗಿ. ಬ್ಯಾಂಕೇ ಬರೆದುಕೊಡುವ ಕ್ಯಾಷಿಯರ್ಸ್ ಚೆಕ್ ಕೊಟ್ಟರೆ ಅವರ ಬ್ಯಾಂಕಿಗೇ ಹೋಗಿ ಖಚಿತ ಮಾಡಿಕೊಳ್ಳಿ. ನಕಲಿ ಚೆಕ್ಕಿನ ದುಡ್ಡು ಖಾತೆಯಲ್ಲಿ ಕಂಡಮೇಲೂ ವಾಪಸ್ ಹೋಗುತ್ತದೆ. ‘ನಮ್ಮ ಕಡೆಯವರು’ ಅಂತ ಯಾರಾದರೂ ಬಂದರೂ ಇದೇ ಕ್ರಮ. ಊರಿನ ಹೆಸರು ಕೇಳಿದ ಕೂಡಲೇ ಇಲ್ಲಿ ನಮ್ಮ ಮನಸ್ಸು ಕರಗುತ್ತದೆ, ಅದು ನನಗೆ ಗೊತ್ತು.

ಪೆಟ್ರೋಲ್ ಹಾಕಿ ಸ್ಟಾರ್ಟ್ ಮಾಡಲು ಹೋಗಬೇಡಿ. ಟ್ಯಾಂಕಿನ ಹಳೇ ಇಂಧನ, ತುಕ್ಕು ಎಲ್ಲ ಒಳಗೆ ಹೋಗುತ್ತದೆ. ಈ ಶನಿವಾರ ಟಾರ್ಚ್ ತೆಗೆದುಕೊಂಡು ನಾನೇ ಬರುತ್ತೇನೆ. ಹಿಂದಿನ ಸೀಟನ್ನು ಇಬ್ಬರೂ ಸೇರಿ ನಿಧಾನವಾಗಿ ಎತ್ತೋಣ.