ನಮ್ಮ ಗಾಣದ ಎಣ್ಣೆ ಕಂಪನಿಯ ಬ್ಲಾಗಿಗೆ ಏನು ಬರೆಯುವುದು? ವಿಷಯವೇ ಹೊಳೆಯುತ್ತಿಲ್ಲ

ಗಿರಾಕಿಗಳ ಫೋನ್ ಎತ್ತುವವರ ಪಕ್ಕ ಒಂದು ದಿನ ಕೂತುಬಿಡಿ. "ಕೊಬ್ಬರಿ ಎಣ್ಣೆ ಗಟ್ಟಿಯಾಗಿದೆ, ಕಲಬೆರಕೆನಾ?" ಅಂತ ಚಳಿಗಾಲದಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದು ಹೆಪ್ಪುಗಟ್ಟುವುದು ಸಹಜ. ಅಲ್ಲಿಗೆ ಒಂದು ಬರಹ ಸಿಕ್ಕಿತು, ಅಲ್ವಾ?

ತಳದಲ್ಲಿ ಗಸಿ ಯಾಕೆ, ಬೆಲೆ ಯಾಕೆ ಜಾಸ್ತಿ, ಇವೂ ಹಾಗೆಯೇ. ಬೆಲೆಯ ಮಾತು ಬಂದರೆ ಎಷ್ಟೋ ಜನ ಜಾರಿಕೊಳ್ಳುತ್ತಾರೆ. ನಾನಾದರೆ ಅದನ್ನೇ ಮೊದಲು ಬರೆಯುತ್ತೇನೆ. ಒಂದು ಲೀಟರ್ ಎಣ್ಣೆಗೆ ಎಷ್ಟು ಕಿಲೋ ಶೇಂಗಾ ಹೋಯಿತು, ಹಿಂಡಿ ಎಷ್ಟು ಉಳಿಯಿತು, ನಿಮ್ಮದೇ ಲೆಕ್ಕ ಕೊಡಿ.

ಜನ ಏನು ಹುಡುಕಿ ನಿಮ್ಮ ಸೈಟಿಗೆ ಬಂದರು ಅನ್ನುವುದು ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ಪುಕ್ಕಟೆ ಸಿಗುತ್ತದೆ. "ನಮ್ಮ ಆಫೀಸಿನಲ್ಲಿ ದೀಪಾವಳಿ" ಥರದ್ದು ಸುಮ್ನೆ ಬಿಟ್ಟುಬಿಡಿ. ಅದನ್ನು ಓದುವವರು ಆಫೀಸಿನವರೇ.