ಮಾಜಿ ಸೈನಿಕರ ಚಿಕಿತ್ಸೆಯ ಹಣ: ಎಷ್ಟೆಂದು ಯಾರು ನಿರ್ಧರಿಸುತ್ತಾರೆ?

ಮಾನ್ಯರೇ,

ವಿರಾಜಪೇಟೆ ತಾಲ್ಲೂಕಿನಿಂದ ನೀವು ಬರೆದ ಪತ್ರವನ್ನು ಕಳೆದ ಸಂಚಿಕೆಯಲ್ಲಿ ಪ್ರಕಟಿಸಿದ್ದೆವು. 2019ರಲ್ಲಿ ಹವಾಲ್ದಾರರಾಗಿ ನಿವೃತ್ತರಾದ ನೀವು ಮಾಜಿ ಸೈನಿಕರ ಮತ್ತು ಅವರ ಅವಲಂಬಿತರ ಚಿಕಿತ್ಸೆಗೆಂದು ಇರುವ ಸರ್ಕಾರಿ ಯೋಜನೆ ಇಸಿಎಚ್‌ಎಸ್‌ಗೆ 30,000 ರೂಪಾಯಿ ವಂತಿಗೆ ಕಟ್ಟಿದ್ದೀರಿ. ಕಳೆದ ಮಾರ್ಚ್‌ನಲ್ಲಿ ಯೋಜನೆಯದೇ ಚಿಕಿತ್ಸಾಲಯವಾದ ಪಾಲಿಕ್ಲಿನಿಕ್ಕಿನ ರೆಫರಲ್ ಚೀಟಿ ಹಿಡಿದು ತಾಯಿಯವರನ್ನು ಮೈಸೂರಿನ ಆಸ್ಪತ್ರೆಯೊಂದಕ್ಕೆ ಹೃದಯ ತಪಾಸಣೆಗೆಂದು ಕರೆದೊಯ್ದಾಗ, ಹಳೆಯ ಬಿಲ್ಲುಗಳ ಹಣವೇ ಬಂದಿಲ್ಲವೆಂದು ಅಲ್ಲಿಯವರು ಕ್ಯಾಶ್‌ಲೆಸ್ ಸೌಲಭ್ಯವನ್ನು ನಿರಾಕರಿಸಿದರು. ನಾವು ಕಟ್ಟಿದ ವಂತಿಗೆ ಎಲ್ಲಿ ಹೋಯಿತು, ಪಿಂಚಣಿ ತಪ್ಪದೆ ಬರುವಾಗ ಚಿಕಿತ್ಸೆಯ ಹಣ ಮಾತ್ರ ಏಕೆ ಸಾಕಾಗುವುದಿಲ್ಲ ಎಂಬುದು ನಿಮ್ಮ ಪ್ರಶ್ನೆ.

ವಂತಿಗೆಯ ವಿಷಯ ಮೊದಲು ಹೇಳುತ್ತೇನೆ. 2003ರ ಏಪ್ರಿಲ್ 1ರಂದು ಆರಂಭವಾದ ಈ ಯೋಜನೆ ವಿಮೆಯಲ್ಲ. ನಿಮ್ಮ 30,000 ರೂಪಾಯಿಯನ್ನಾಗಲಿ, ಅಧಿಕಾರಿಗಳು ಕಟ್ಟುವ 1,20,000 ರೂಪಾಯಿಯನ್ನಾಗಲಿ ಪ್ರತ್ಯೇಕ ನಿಧಿಯಲ್ಲಿಟ್ಟು ಬೆಳೆಸಿ, ಅದರಿಂದ ಆಸ್ಪತ್ರೆಗಳಿಗೆ ಪಾವತಿಸುವ ಏರ್ಪಾಡಿಲ್ಲ. ವಂತಿಗೆ ಸರ್ಕಾರದ ಲೆಕ್ಕಕ್ಕೆ ಜಮೆಯಾಗುತ್ತದೆ. ಖರ್ಚಿಗೆ ಬೇಕಾದ ಹಣವನ್ನು ಸಂಸತ್ತು ವರ್ಷವರ್ಷವೂ ಮಂಜೂರು ಮಾಡಬೇಕಾಗುತ್ತದೆ. ಒಮ್ಮೆ ವಂತಿಗೆ ಕಟ್ಟಿದವರಿಗೆ ಚಿಕಿತ್ಸೆಯ ಹಕ್ಕು ಬದುಕಿರುವವರೆಗೂ ಇದೆ, ಆದರೆ ಅದಕ್ಕೆ ಒದಗಿಸುವ ಹಣದ ಆಯುಷ್ಯ ಮಾರ್ಚ್ 31ಕ್ಕೆ ಮುಗಿಯುತ್ತದೆ. ನೀವು ಅನುಭವಿಸಿದ ತೊಂದರೆಯ ಬೇರು ಇಲ್ಲೇ ಇದೆ ಎಂಬುದು ನನ್ನ ದೃಢ ಅಭಿಪ್ರಾಯ.

ಇನ್ನು ಮೊತ್ತ ನಿಗದಿಯಾಗುವ ಬಗೆ. ಪಾಲಿಕ್ಲಿನಿಕ್ಕುಗಳಲ್ಲಿ, ಪ್ರಾದೇಶಿಕ ಕೇಂದ್ರಗಳಲ್ಲಿ ಹಿಂದಿನ ವರ್ಷ ಆದ ಖರ್ಚು ಮತ್ತು ಬಾಕಿ ಬಿಲ್ಲುಗಳ ಆಧಾರದ ಮೇಲೆ ದೆಹಲಿಯ ಇಸಿಎಚ್‌ಎಸ್ ಕೇಂದ್ರ ಸಂಸ್ಥೆ ತನ್ನ ಬೇಡಿಕೆಯನ್ನು ಸಿದ್ಧಪಡಿಸುತ್ತದೆ. ಅದು ಭೂಸೇನೆಯ ಕಂದಾಯ ವೆಚ್ಚದ (ಅಂದರೆ ದಿನನಿತ್ಯದ ಖರ್ಚಿನ) ಭಾಗವಾಗಿ ರಕ್ಷಣಾ ಸಚಿವಾಲಯದ ಹಣಕಾಸು ವಿಭಾಗಕ್ಕೆ ಹೋಗಿ, ಅಲ್ಲಿಂದ ಹಣಕಾಸು ಸಚಿವಾಲಯದ ಮುಂದೆ ಬರುತ್ತದೆ. ಹಣಕಾಸು ಸಚಿವಾಲಯವು ರಕ್ಷಣಾ ವೆಚ್ಚಕ್ಕೆ ಒಟ್ಟಾರೆ ಮಿತಿಯನ್ನು ಹಾಕಿರುತ್ತದೆ, ಆ ಮಿತಿಯೊಳಗೆ ಇಂಧನ, ಪಡಿತರ, ಮದ್ದುಗುಂಡು, ದುರಸ್ತಿಗಳ ಜೊತೆಗೇ ನಿಮ್ಮ ತಾಯಿಯವರ ಚಿಕಿತ್ಸೆಯೂ ಜಾಗ ಹುಡುಕಿಕೊಳ್ಳಬೇಕು. ಪಿಂಚಣಿಯ ಸ್ಥಿತಿ ಬೇರೆ. ಅದಕ್ಕೆ ಸಂಸತ್ತಿನ ಮುಂದಿಡುವ ಪ್ರತ್ಯೇಕ ಅನುದಾನ ಬೇಡಿಕೆಯೇ ಇದೆ (2025-26ರಲ್ಲಿ ಸುಮಾರು 1,60,795 ಕೋಟಿ ರೂಪಾಯಿ), ಮತ್ತು ಯಾರಿಗೆ ಎಷ್ಟು ಕೊಡಬೇಕೆಂಬುದು ಮೊದಲೇ ಲೆಕ್ಕವಾಗಿರುವುದರಿಂದ ಅದನ್ನು ತಡೆಹಿಡಿಯುವ ಮಾತೇ ಬರುವುದಿಲ್ಲ. ಕಾಯಿಲೆ ಹಾಗೆ ಮೊದಲೇ ಲೆಕ್ಕಕ್ಕೆ ಸಿಗುವುದಿಲ್ಲ.

ಈಚಿನ ಅಂಕಿಗಳನ್ನು ಸ್ವಲ್ಪ ನಿಧಾನವಾಗಿ ನೋಡಬೇಕೆಂದು ಕೋರುತ್ತೇನೆ. 2023-24ರ ಬಜೆಟ್ ಅಂದಾಜಿನಲ್ಲಿ, ಅಂದರೆ ವರ್ಷಾರಂಭದ ಲೆಕ್ಕದಲ್ಲಿ, ಇಸಿಎಚ್‌ಎಸ್‌ಗೆ ಇಟ್ಟಿದ್ದು ಸುಮಾರು 5,431 ಕೋಟಿ. ವರ್ಷದ ನಡುವೆ ಅದು ಸಾಲದೆ, ಪರಿಷ್ಕೃತ ಅಂದಾಜಿನಲ್ಲಿ ಶೇ 70ರಷ್ಟು ಏರಿಸಬೇಕಾಯಿತು. ಅಂದರೆ 9,200 ಕೋಟಿಯ ಆಸುಪಾಸು. ಮರುವರ್ಷ 6,968 ಕೋಟಿ ಒದಗಿಸಿ, ಹಿಂದಿನ ಬಜೆಟ್ ಅಂದಾಜಿಗಿಂತ ಇದು ಶೇ 28ರಷ್ಟು ಹೆಚ್ಚು ಎಂದು ಸರ್ಕಾರ ತಿಳಿಸಿತು. ಆ ಹೋಲಿಕೆ ಸುಳ್ಳಲ್ಲ. ಆದರೆ ಹಿಂದಿನ ವರ್ಷವೇ ಬೇಕಾಗಿದ್ದ ಮೊತ್ತಕ್ಕಿಂತ ಅದು ಎರಡು ಸಾವಿರ ಕೋಟಿಗೂ ಮೀರಿ ಕಡಿಮೆಯಿತ್ತು. 2025-26ಕ್ಕೆ ಇಟ್ಟ 8,317 ಕೋಟಿಯೂ ಆ ಮಟ್ಟವನ್ನು ಮುಟ್ಟಲಿಲ್ಲ. ಆರಂಭದಲ್ಲಿ ಕಡಿಮೆ ಇಟ್ಟು, ಚಳಿಗಾಲದ ಅಧಿವೇಶನದ ಪೂರಕ ಬೇಡಿಕೆಯಲ್ಲೋ ಪರಿಷ್ಕೃತ ಅಂದಾಜಿನಲ್ಲೋ ತುಂಬಿಕೊಡುವ ಈ ಕ್ರಮದಲ್ಲಿ, ನಡುವಿನ ತಿಂಗಳುಗಳ ಭಾರ ಆಸ್ಪತ್ರೆಯ ಮೇಲೆ ಬೀಳುತ್ತದೆ, ಅಲ್ಲಿಂದ ರೋಗಿಯ ಮೇಲೆ ಬೀಳುತ್ತದೆ. ಆಸ್ಪತ್ರೆ ಆನ್‌ಲೈನಿನಲ್ಲಿ ಕಳಿಸಿದ ಬಿಲ್ಲು ಪರಿಶೀಲನೆಯೆಲ್ಲ ಮುಗಿದು ಮಂಜೂರಾಗಿದ್ದರೂ, ಆ ಲೆಕ್ಕ ಶೀರ್ಷಿಕೆಯಲ್ಲಿ ಆ ವರ್ಷದ ಹಣ ಉಳಿದಿಲ್ಲವಾದರೆ ಏಪ್ರಿಲ್‌ವರೆಗೆ ಕಾಯುತ್ತದೆ. ಏಪ್ರಿಲ್‌ನಲ್ಲಿ ಬಂದ ಹೊಸ ಹಣದ ಒಂದು ಪಾಲು ಹಳೆಯ ಬಾಕಿಗೆ ಹೋಗುವುದರಿಂದ ಹೊಸ ವರ್ಷವೂ ಕೊರತೆಯಲ್ಲೇ ಶುರುವಾಗುತ್ತದೆ. ಬಿಲ್ಲು ಪಾವತಿಯ ವಿಳಂಬವನ್ನು ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ 2015ರ ತನ್ನ ವರದಿಯಲ್ಲಿಯೇ ಎತ್ತಿ ತೋರಿಸಿತ್ತು.

ಇನ್ನೊಂದು ತೊಡಕೂ ಇದೆ. ಆಸ್ಪತ್ರೆಗಳಿಗೆ ಕೊಡುವುದು ಸಿಜಿಎಚ್‌ಎಸ್ (ಕೇಂದ್ರ ಸರ್ಕಾರಿ ನೌಕರರ ಆರೋಗ್ಯ ಯೋಜನೆ) ದರ, ಅದನ್ನು ನಿಗದಿ ಮಾಡುವುದು ಆರೋಗ್ಯ ಸಚಿವಾಲಯ. ಯಾರು ಫಲಾನುಭವಿಗಳೆಂದು ತೀರ್ಮಾನಿಸುವುದು ರಕ್ಷಣಾ ಸಚಿವಾಲಯ. 2019ರಲ್ಲಿ ಶಾರ್ಟ್ ಸರ್ವಿಸ್ (ಸೀಮಿತ ಅವಧಿಯ ಸೇವೆಯ) ಅಧಿಕಾರಿಗಳಿಗೂ ಎರಡನೇ ಮಹಾಯುದ್ಧದ ಯೋಧರಿಗೂ ಬಾಗಿಲು ತೆರೆದದ್ದು ಹೀಗೆ, ಮತ್ತು ಅದು ಸರಿಯಾದ ನಿರ್ಧಾರ. ಹಣದ ಮಿತಿ ಹಾಕುವುದು ಹಣಕಾಸು ಸಚಿವಾಲಯ. ದರವೂ ಜನರ ಸಂಖ್ಯೆಯೂ ಏರಿದಾಗ ಮಿತಿ ತಾನಾಗಿ ಏರಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ಪ್ರತಿವರ್ಷ ಸುಮಾರು 60,000 ಮಂದಿ ಸೇನೆಯಿಂದ ನಿವೃತ್ತರಾಗುತ್ತಾರೆ. ಅವರ ವಯಸ್ಸು, ಅವಲಂಬಿತರ ವಯಸ್ಸು ಸರ್ಕಾರದ ಬಳಿ ಕಾರ್ಡುಗಳ ಸಮೇತ ದಾಖಲಾಗಿವೆ. ಹಾಗಿರುವಾಗ ಐದು ವರ್ಷದಾಚೆಯ ಖರ್ಚನ್ನು ಅಂದಾಜು ಮಾಡುವುದು ಅಸಾಧ್ಯವಾದ ಕೆಲಸವೇನಲ್ಲ.

ಅಮೆರಿಕದಲ್ಲಿಯೂ ಮಾಜಿ ಯೋಧರ ಚಿಕಿತ್ಸೆಯ ಹಣವನ್ನು ಸಂಸತ್ತೇ ವರ್ಷವರ್ಷ ಮಂಜೂರು ಮಾಡುತ್ತದೆ. ಆದರೆ 2009ರ ಕಾಯ್ದೆಯ ನಂತರ ಅವರು ಅದನ್ನು ಒಂದು ವರ್ಷ ಮುಂಚಿತವಾಗಿಯೇ ಮಂಜೂರು ಮಾಡುತ್ತಿದ್ದಾರೆ, ಮತ್ತು ನೋಂದಾಯಿತರ ವಯಸ್ಸು, ಕಾಯಿಲೆ, ಚಿಕಿತ್ಸೆಯ ಬಳಕೆಯನ್ನು ಲೆಕ್ಕಹಾಕುವ ಮಾದರಿಯೊಂದರಿಂದ ಬೇಡಿಕೆಯ ಬಹುಭಾಗವನ್ನು ಅಂದಾಜು ಮಾಡುತ್ತಾರೆ. ಅಲ್ಲಿಯೂ ಕೊರತೆ ಬರುತ್ತದೆ. ಆದರೂ ಮುಂಚಿತ ಮಂಜೂರಾತಿಯ ಕ್ರಮವನ್ನು ನಾವು ಗಂಭೀರವಾಗಿ ಪರಿಶೀಲಿಸಬೇಕು.

ನಿಮ್ಮ ತಕ್ಷಣದ ಅಗತ್ಯಕ್ಕೆ ಒಂದು ಮಾತು: ಒಪ್ಪಂದ ಮಾಡಿಕೊಂಡ ಆಸ್ಪತ್ರೆ ಚಿಕಿತ್ಸೆ ನಿರಾಕರಿಸಿದರೆ ದಿನಾಂಕ ಸಹಿತ ಲಿಖಿತ ದೂರನ್ನು ಪಾಲಿಕ್ಲಿನಿಕ್ಕಿಗೂ ಬೆಂಗಳೂರಿನ ಪ್ರಾದೇಶಿಕ ಕೇಂದ್ರಕ್ಕೂ ಕೊಡಿ. ತುರ್ತು ಸಂದರ್ಭದಲ್ಲಿ ಪಟ್ಟಿಯಲ್ಲಿಲ್ಲದ ಆಸ್ಪತ್ರೆಗೆ ದಾಖಲಿಸಬೇಕಾಗಿ ಬಂದರೆ 48 ಗಂಟೆಯೊಳಗೆ ಪಾಲಿಕ್ಲಿನಿಕ್ಕಿಗೆ ತಿಳಿಸಿ, ಎಲ್ಲ ರಸೀದಿಗಳನ್ನು ಇಟ್ಟುಕೊಂಡು ಮರುಪಾವತಿಗೆ ಅರ್ಜಿ ಹಾಕಬಹುದು.

ರಕ್ಷಣಾ ವ್ಯವಹಾರಗಳ ಸಂಸದೀಯ ಸ್ಥಾಯಿ ಸಮಿತಿ ಪ್ರತಿವರ್ಷ ಅನುದಾನ ಬೇಡಿಕೆಗಳನ್ನು ಪರಿಶೀಲಿಸಿ, ಕೇಳಿದ್ದೆಷ್ಟು, ಕೊಟ್ಟದ್ದೆಷ್ಟು ಎಂಬುದನ್ನು ವರದಿಗಳಲ್ಲಿ ದಾಖಲಿಸುತ್ತದೆ. ನಿಮ್ಮ ಮಾಜಿ ಸೈನಿಕರ ಸಂಘ ಆ ವರದಿಯನ್ನು ಮುಂದಿಟ್ಟುಕೊಂಡು ಸಂಸದರ ಮೂಲಕ ಎರಡೇ ಪ್ರಶ್ನೆ ಕೇಳಿಸಲಿ: ಮಾರ್ಚ್ 31ರಂದು ಕರ್ನಾಟಕದ ಆಸ್ಪತ್ರೆಗಳಿಗೆ ಇಸಿಎಚ್‌ಎಸ್ ಕೊಡಬೇಕಾಗಿದ್ದ ಬಾಕಿ ಎಷ್ಟು, ಮತ್ತು ಆ ಬಾಕಿಯನ್ನು ಸೇರಿಸಿ ಮುಂದಿನ ವರ್ಷದ ಅಂದಾಜು ಮಾಡಲಾಗಿತ್ತೇ? ಉತ್ತರ ಬಂದರೆ ನಮಗೂ ಕಳಿಸಿಕೊಡಿ, ಪ್ರಕಟಿಸುತ್ತೇವೆ.

— ಸಂಪಾದಕ