ಶಾಸಕರು ಪಾಸ್ ಮಾಡಿದ ಕಾನೂನನ್ನು ಕೋರ್ಟು ಹೇಗೆ ರದ್ದು ಮಾಡುತ್ತದೆ?

ನಮ್ಮ ಸಾಗರ ಊರಿನ ಕೋರ್ಟಿನಲ್ಲೇ ಕೇಸು ಹಾಕಿ ಕಾನೂನು ರದ್ದು ಮಾಡಿಸಬಹುದಾ ಅಂತ ಕೇಳಿದ್ದೀರಿ. ಆಗುವುದಿಲ್ಲ. ಆ ಅಧಿಕಾರ ಇರುವುದು ಹೈಕೋರ್ಟಿಗೆ ಮತ್ತು ಸುಪ್ರೀಂ ಕೋರ್ಟಿಗೆ. ಶಿವಮೊಗ್ಗ ಜಿಲ್ಲೆಯವರು ಬೆಂಗಳೂರಿನ ಹೈಕೋರ್ಟಿಗೆ ಸಂವಿಧಾನದ 226ನೇ ವಿಧಿಯಡಿ ರಿಟ್ (ನೇರವಾಗಿ ಹೈಕೋರ್ಟಿಗೇ ಕೊಡುವ ಅರ್ಜಿ) ಹಾಕಬೇಕು.

ಕಾನೂನು ಸರಿಯಾಗಿಯೇ ಇದೆ ಅಂತ ಅಂದುಕೊಂಡೇ ಕೋರ್ಟು ಶುರು ಮಾಡುತ್ತದೆ. ತಪ್ಪಿದೆ ಅಂತ ತೋರಿಸುವ ಹೊಣೆ ಕೇಸು ಹಾಕಿದವರದ್ದು. ಮುಖ್ಯವಾಗಿ ಎರಡು ಪ್ರಶ್ನೆ: ಆ ವಿಷಯದಲ್ಲಿ ಕಾನೂನು ಮಾಡುವ ಅಧಿಕಾರ ಆ ಸರ್ಕಾರಕ್ಕೆ ಇತ್ತಾ? ಅದು ಮೂಲಭೂತ ಹಕ್ಕುಗಳಿಗೆ ಧಕ್ಕೆ ತರುತ್ತದಾ? ಕಾನೂನು ಒಳ್ಳೆಯದಾ ಕೆಟ್ಟದ್ದಾ ಅನ್ನುವುದು ಕೋರ್ಟಿನ ಕೆಲಸ ಅಲ್ಲ, ಇದನ್ನು ಜಾಸ್ತಿ ಜನ ಮರೆಯುತ್ತಾರೆ.

ನಮ್ಮ ಕಡೆಯವರಿಗೆ ಹತ್ತಿರದ ವಿಷಯ ಅಂದರೆ ಭೂಸುಧಾರಣೆ. ಸಾಗರದ ಹತ್ತಿರದ ಕಾಗೋಡಿನ ಗೇಣಿದಾರರು 1951ರಲ್ಲಿ ಸತ್ಯಾಗ್ರಹ ಮಾಡಿದರು, ಅದೇ ವರ್ಷ ಸಂವಿಧಾನದ ಮೊದಲ ತಿದ್ದುಪಡಿ ಬಂದು 9ನೇ ಅನುಸೂಚಿ (ಸಂವಿಧಾನದ ಕೊನೆಗೆ ಸೇರಿಸಿದ ಕಾನೂನುಗಳ ಪಟ್ಟಿ) ಹುಟ್ಟಿತು, ಭೂಸುಧಾರಣೆ ಕಾನೂನುಗಳನ್ನು ಮೂಲಭೂತ ಹಕ್ಕಿನ ಹೆಸರಲ್ಲಿ ಕೋರ್ಟು ಬೀಳಿಸದಿರಲಿ ಅಂತ. ಗೇಣಿದಾರರ ದೃಷ್ಟಿಯಿಂದ ಅದು ಬೇಕೇ ಬೇಕಿತ್ತು ಅಂತ ನನ್ನ ಅಭಿಪ್ರಾಯ. ಆದರೆ ಆಮೇಲೆ ಬೇರೆ ಬೇರೆ ಕಾನೂನುಗಳನ್ನೂ ಅದರೊಳಗೆ ತುಂಬಿದರು. 1973ರ ಕೇಶವಾನಂದ ಭಾರತಿ ಕೇಸಿನಲ್ಲಿ ಸುಪ್ರೀಂ ಕೋರ್ಟಿನ 13 ನ್ಯಾಯಾಧೀಶರು ಕೂತು, ತಿದ್ದುಪಡಿ ಕೂಡ ಸಂವಿಧಾನದ ಮೂಲ ರಚನೆಯನ್ನು, ಅಂದರೆ ಅದರ ತಳಹದಿಯನ್ನು, ಕೆಡಿಸುವಂತಿಲ್ಲ ಅಂತ ಬಹುಮತದಿಂದ ಹೇಳಿದರು. ಆ ತೀರ್ಪಿನ ನಂತರ 9ನೇ ಅನುಸೂಚಿಗೆ ಸೇರಿದ ಕಾನೂನುಗಳನ್ನೂ ಕೋರ್ಟು ಪರಿಶೀಲಿಸಬಹುದು ಅಂತ 2007ರಲ್ಲಿ ಸ್ಪಷ್ಟವಾಯಿತು.

ಇನ್ನೊಂದು, ಇಡೀ ಕಾನೂನೇ ಬೀಳಬೇಕು ಅಂತೇನಿಲ್ಲ. 2015ರಲ್ಲಿ ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ 66ಎ ಸೆಕ್ಷನ್ ಅನ್ನು ಮಾತ್ರ ಸುಪ್ರೀಂ ಕೋರ್ಟು ರದ್ದು ಮಾಡಿತು, ಕಾಯ್ದೆ ಉಳಿಯಿತು.